ಪಟ್ಟಾಭಿಯವರ ಪಂಚಾಂಗಕ್ಕೊಂದು ಅಂಕಿ

ಪಟ್ಟಾಭಿರಾಮ ಅವರು ನಮ್ಮ ಮನೆಗೆ ಬಂದರೆಂದರೆ ಉಪ್ಪಿಟ್ಟಿಗೆ ನೀರಿಡುವ ಮೊದಲೇ ಒಂದು ಪ್ರಶ್ನೆಗೆ ತಯಾರಾಗಿರಬೇಕು.

"ವಿನುತಾ, ನಿಮ್ಮ ಬ್ಲಾಕಿನ ಲಿಫ್ಟ್ ಬಾಗಿಲು ಬದಲಾಯಿಸಿದ್ರು, ಆಮೇಲೆ ಮೋಟಾರ್ ಬದಲಾಯಿಸಿದ್ರು. ಈಗ ಇದು ಹಳೇ ಲಿಫ್ಟೋ ಹೊಸಾ ಲಿಫ್ಟೋ?"

ಹತ್ತಿ ನಿಂತರೆ ಹನ್ನೊಂದನೇ ಮಹಡಿಗೆ ತಲುಪಿಸಿದರೆ ಸಾಕು, ಹಳೆಯದಾದರೇನು ಹೊಸದಾದರೇನು ಅನ್ನುವವಳು ನಾನು. ಅವರು ಬಿಡುವವರಲ್ಲ. ಎಷ್ಟು ಬದಲಾದರೆ ಹೆಸರೂ ಬದಲಾಗಬೇಕು ಅನ್ನುವುದು ಅವರ ತಲೆಯಲ್ಲಿ ಸದಾ ಕೊರೆಯುವ ಹುಳ. ಅದನ್ನು ನಮ್ಮ ತಲೆಗೂ ಬಿಡುತ್ತಿದ್ದರು.

ಐವತ್ನಾಲ್ಕು ವರ್ಷದ ಈ ಮನುಷ್ಯ ಮೈಸೂರಿನವರು, ಹದಿನೆಂಟು ವರ್ಷದಿಂದ ಸಿಂಗಪುರದಲ್ಲಿದ್ದಾರೆ. ಮನೆ ಜುರಾಂಗ್ ವೆಸ್ಟ್. ನಾವಿರುವುದು ದ್ವೀಪದ ಇನ್ನೊಂದು ತುದಿ ಪಾಸಿರ್ ರಿಸ್‌ನಲ್ಲಿ. ಭಾನುವಾರ ಬೆಳಿಗ್ಗೆ ಬೂನ್ ಲೇಯಲ್ಲಿ ಎಂಆರ್‌ಟಿ ರೈಲು ಹತ್ತಿ, ಒಂದು ಗಂಟೆಗೂ ಮೀರಿ ಕೂತು, ಕೊನೆಯ ಸ್ಟೇಷನ್ನಿನಲ್ಲಿ ಇಳಿದು, ಸಮುದ್ರದ ದಂಡೆಯಲ್ಲಿ ಒಂದು ಸುತ್ತು ನಡೆದು ಹತ್ತು ಗಂಟೆಗೆ ನಮ್ಮ ಬಾಗಿಲಲ್ಲಿರುತ್ತಾರೆ. ನನ್ನ ಗಂಡ ವಾಸು ಒಂದು ಕಾಲಕ್ಕೆ ಅವರ ಜೊತೆ ಕೆಲಸ ಮಾಡಿದವನು. ಆ ಸ್ನೇಹ ವಾಸುವಿನದು, ಉಪ್ಪಿಟ್ಟು ಮಾತ್ರ ನನ್ನದು.

ಅವರ ಕೆಲಸವೇನೆಂದು ನನಗೆ ಬಹಳ ದಿನ ಅರ್ಥವೇ ಆಗಿರಲಿಲ್ಲ. ಮೀನು, ಮಾಂಸ ಇಡುವ ಶೀತಲ ಗೋದಾಮುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ. ಬರೆಯುವವರು ಬೇರೆ, ಪರೀಕ್ಷೆ ಮಾಡುವವರು ಬೇರೆ. ಎಲ್ಲ ಮುಗಿದ ಮೇಲೆ ಅದಕ್ಕೊಂದು ವರ್ಷನ್ ನಂಬರು ಕೊಟ್ಟು ಗಿರಾಕಿಗೆ ಕಳಿಸುವವರು ಇವರು.

"ಬರೀ ನಂಬರ್ ಹಾಕೋದಕ್ಕೂ ಸಂಬಳ ಕೊಡ್ತಾರಾ?" ಎಂದು ಒಮ್ಮೆ ಕೇಳಿಯೇಬಿಟ್ಟಿದ್ದೆ.

ಅವರಿಗೆ ಬೇಜಾರಾಗಲಿಲ್ಲ, ಖುಷಿಯೇ ಆಯಿತು. ಬಟ್ಟಲು ಪಕ್ಕಕ್ಕಿಟ್ಟು ಕೂತರು. "ಮೂರು ಅಂಕಿ, ಮಧ್ಯೆ ಮಧ್ಯೆ ಚುಕ್ಕಿ. ಸಣ್ಣ ತಪ್ಪು ತಿದ್ದಿದ್ರೆ ಕೊನೇದು ಏರತ್ತೆ. ಹೊಸದೇನೋ ಸೇರಿಸಿ, ಹಳೇದೂ ಹಾಗೇ ನಡೀತಿದ್ರೆ ಮಧ್ಯದ್ದು ಏರತ್ತೆ. ಹಳೇದನ್ನ ನಂಬ್ಕೊಂಡು ಕೂತಿರೋನಿಗೆ ಏಟು ಬೀಳೋ ಹಾಗಿದ್ರೆ ಮೊದಲನೇದು ಏರತ್ತೆ. ಮೊದಲನೇದು ಏರ್ತು ಅಂದ್ರೆ, ಅಪ್ಪಾ, ನಿಂತು ಓದು, ಆಮೇಲೆ ಹಾಕ್ಕೋ ಅಂತ ಕೂಗಿ ಹೇಳಿದ ಹಾಗೆ."

"ಎಲ್ಲರೂ ಹೀಗೇ ಮಾಡ್ತಾರಾ?"

"ಇಲ್ಲಮ್ಮ. ಕೆಲವರು ವರ್ಷ, ತಿಂಗಳನ್ನೇ ನಂಬರ್ ಮಾಡ್ತಾರೆ. ಯಾವಾಗಿಂದು ಅಂತ ಗೊತ್ತಾಗತ್ತೆ. ಏನಾಗಿದೆ ಅಂತ ಗೊತ್ತಾಗಲ್ಲ."

ಈ ಕೊನೆಯ ಮಾತು ಆಗಲೇ ನನ್ನ ಕಿವಿಗೆ ಸರಿಯಾಗಿ ಬಿದ್ದಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ.

ಇಲ್ಲಿನ ಕನ್ನಡದ ಮನೆಗಳಲ್ಲಿ ಒಂದು ರೂಢಿಯಿದೆ. ಊರಿಗೆ ಹೋದವರ ಕೈಲಿ ಬೆಂಗಳೂರಿನ ಪಂಚಾಂಗ ತರಿಸುವುದು, ಅದರಲ್ಲಿರುವ ಹೊತ್ತಿಗೆ ಎರಡೂವರೆ ಗಂಟೆ ಕೂಡಿಸಿಕೊಳ್ಳುವುದು. ರಾಹುಕಾಲವೂ ಹಾಗೆಯೇ, ಏಕಾದಶಿಯೂ ಹಾಗೆಯೇ. ಪಟ್ಟಾಭಿಯವರು ಇದನ್ನೂ ಹಿಡಿದುಕೊಂಡರು. "ಸೂರ್ಯ ಕೂಡ ಎರಡೂವರೆ ಗಂಟೆ ಕೂಡಿಸ್ಕೊಂಡು ಹುಟ್ತಾನೇನ್ರೀ?" ಹುಟ್ಟುವುದಿಲ್ಲ. ಇಲ್ಲಿ ವರ್ಷವಿಡೀ ಏಳು ಗಂಟೆಯ ಆಸುಪಾಸಿಗೇ ಬೆಳಕು ಹರಿಯುತ್ತದೆ. ತಿಥಿ ಲೆಕ್ಕ ಹಾಕುವುದೇ ಸೂರ್ಯನನ್ನು ನೋಡಿಕೊಂಡು. ಹಾಗಾಗಿ ಅವರು ಒಂದು ವರ್ಷದ ರಜಾದಿನಗಳನ್ನೆಲ್ಲ ಸುರಿದು ಸಿಂಗಪುರದ ಸೂರ್ಯನಿಗೆ ತಕ್ಕ ಪಂಚಾಂಗವೊಂದನ್ನು ಫೋನಿಗೆಂದು ಬರೆದರು. ದುಡ್ಡಿಲ್ಲ, ಜಾಹೀರಾತಿಲ್ಲ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಲಿಂಕ್ ಹಾಕುವುದು, ಬೇಕಾದವರು ಒತ್ತಿ, ಹೆಸರು, ಫೋನ್ ನಂಬರು ಕೊಟ್ಟು ಇಳಿಸಿಕೊಳ್ಳುವುದು, ಅಷ್ಟೇ.

2016ರ ಯುಗಾದಿಗೆ ಅದು ಹೊರಬರಬೇಕಿತ್ತು. ಎಲ್ಲ ಸಿದ್ಧ, ನಂಬರೊಂದು ಬಿಟ್ಟು. ಇಪ್ಪತ್ತು ವರ್ಷದಿಂದ ಬೇರೆಯವರ ಕೆಲಸಕ್ಕೆ ನಂಬರು ಹಾಕಿದ ಮನುಷ್ಯನಿಗೆ ತನ್ನದಕ್ಕೆ ಏನು ಹಾಕಬೇಕೆಂದು ತೋಚದೆ ಕಂಡಕಂಡವರನ್ನು ಕೇಳತೊಡಗಿದರು. ನಮ್ಮ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳ ಸಾಲಿನಲ್ಲಿ ಕಾಫಿ ಮಾರುವ ಕೋಪಿ ಅಂಕಲ್‌ನನ್ನೂ ಬಿಡಲಿಲ್ಲ. "ನೀವು ಕಾಫಿಪುಡಿ ಬದಲಾಯಿಸಿದ್ರೆ ಗಿರಾಕಿಗೆ ಹೇಳ್ತೀರಾ?" ಆ ಚೀನೀ ಮುದುಕ ಲೋಟ ತೊಳೆಯುತ್ತಲೇ, ರುಚಿ ಅದೇ ಇದ್ದರೆ ಯಾಕೆ ಹೇಳಲಿ, ರುಚಿ ಬದಲಾದರೆ ಬಾಯಿಗಿಡುವ ಮೊದಲೇ ಹೇಳಬೇಕು ಅಂದನಂತೆ. ಪಟ್ಟಾಭಿ ಇದನ್ನು ನಮ್ಮ ಮನೆಗೆ ಬಂದು ಮೂರು ಸಲ ಹೇಳಿದರು.

ನನಗೆ ರೇಗಿತು. "ಯಾರಿಗ್ರೀ ಬೇಕು ನಿಮ್ಮ ಒಂದು ಚುಕ್ಕಿ ಎರಡು ಚುಕ್ಕಿ? ಇದೇನು ಗೋದಾಮಾ? ಪಂಚಾಂಗ ಅಂದ್ಮೇಲೆ ಸಂವತ್ಸರದ ಹೆಸರಿಡಿ. ಈ ಸಲ ದುರ್ಮುಖಿ. ಮುಗೀತು."

"ಮಧ್ಯದಲ್ಲಿ ತಿದ್ದಬೇಕಾಗಿ ಬಂದ್ರೆ?"

"ಆ ತಿಂಗಳ ಹೆಸರು ಸೇರಿಸಿ. ದುರ್ಮುಖಿ, ಶ್ರಾವಣ. ದುರ್ಮುಖಿ, ಕಾರ್ತಿಕ. ಎಷ್ಟು ಚೆನ್ನಾಗಿದೆ ನೋಡಿ!"

ವಾಸು ಚಪ್ಪಾಳೆ ತಟ್ಟಿದ. ಹನ್ನೆರಡು ವರ್ಷದ ಮಗಳು ಅನಘಾ ಕೂಡ ಇಲ್ಲಿನವರ ಧಾಟಿಯಲ್ಲಿ, "ಸೋ ನೈಸ್ ಲಾ, ಅಂಕಲ್" ಅಂದಳು. ಪಟ್ಟಾಭಿ ಮಾತ್ರ ಗಲ್ಲ ಕೆರೆದುಕೊಂಡರು. "ಚೆನ್ನಾಗಿದೆ. ಆದ್ರೆ ಮೊದಲನೇ ಅಂಕಿ ಮಾಡೋ ಕೆಲಸ ಯಾರು ಮಾಡ್ತಾರೆ?"

"ಪಂಚಾಂಗದಲ್ಲಿ ಯಾರಿಗೆ ಏಟು ಬೀಳತ್ತೆ, ಸುಮ್ನಿರಿ" ಅಂದೆ. ಅವರು ಸುಮ್ಮನಾದರು. ದುರ್ಮುಖಿ ಹೊರಬಂತು. ಜನಕ್ಕೆ ಹೆಸರು ಬಹಳ ಹಿಡಿಸಿತು. ಹೆಸರಿಟ್ಟವಳು ನಾನು ಎಂದು ನಾಲ್ಕು ಕಡೆ ಹೇಳಿಕೊಂಡು ಬೀಗಿದೆ.

ಇನ್ನು ನನ್ನ ವಿಷಯ. ಹಿಂದಿನ ವರ್ಷ ಕಾರ್ತಿಕ ಬಹುಳ ತದಿಗೆಯಂದು ಮೈಸೂರಿನಲ್ಲಿ ನನ್ನ ಅಪ್ಪ ತೀರಿಕೊಂಡಿದ್ದರು. ನಾನು ಒಬ್ಬಳೇ ಮಗಳು. ಅಂದಿನ ಕರ್ಮವನ್ನೆಲ್ಲ ದೊಡ್ಡಪ್ಪನ ಮಗ ಬದರೀನಾಥ ಮಾಡಿದ. ನಾನು ಬಾಗಿಲ ಪಕ್ಕ ನಿಂತು ನೋಡಿದೆ. ನನ್ನ ಅಪ್ಪನ ಹೆಸರು, ಗೋತ್ರ ಇನ್ನೊಬ್ಬರ ಬಾಯಲ್ಲಿ ಕೇಳಿದೆ. ವರ್ಷದ ಶ್ರಾದ್ಧ ನಾನೇ ಮಾಡುತ್ತೇನೆ, ಸಿಂಗಪುರದಲ್ಲೇ ಮಾಡುತ್ತೇನೆ ಎಂದು ಅವತ್ತೇ ಎಲ್ಲರೆದುರು ಹೇಳಿದ್ದೆ. "ಹೆಣ್ಣುಮಕ್ಕಳು ಮಾಡೋದು ನಮ್ಮಲ್ಲಿ ಎಲ್ಲಿದೆಯೇ ವಿನು?" ಅಂದಿದ್ದ ಬದರಿ. ದೊಡ್ಡಮ್ಮ ಮುಖ ತಿರುಗಿಸಿದ್ದರು. ಒಂದೇ ಒಂದು ತಪ್ಪಾದರೂ, ನೋಡಿ, ಇದಕ್ಕೇ ಬೇಡ ಅಂದಿದ್ದು ಅನ್ನುವುದಕ್ಕೆ ಇಡೀ ಬಳಗ ಕಾದಿತ್ತು.

ಇಲ್ಲಿ ಲಿಟಲ್ ಇಂಡಿಯಾದ ಹತ್ತಿರ ಇರುವ ದಿವಾಕರ ಭಟ್ಟರನ್ನು ಕೇಳಿದೆ. "ಅಪ್ಪನಿಗೆ ಮಗಳು ಎಳ್ಳುನೀರು ಬಿಡೋದಕ್ಕೆ ನಾನ್ಯಾಕೆ ಅಡ್ಡ ಬರ್ಲಿ? ದಿನ ಮಾತ್ರ ತಪ್ಪಬಾರ್ದು" ಅಂದರು. ಪಂಚಾಂಗ ತೆಗೆದು ನೋಡಿದೆ. ನವೆಂಬರ್ ಹದಿನೇಳು, ಗುರುವಾರ. ಭಟ್ಟರೂ ಅವರ ಫೋನು ತೆಗೆದು, "ನನ್ನದರಲ್ಲೂ ಗುರುವಾರಾನೇ" ಅಂದರು. ಇಬ್ಬರ ಫೋನಿನಲ್ಲಿದ್ದದ್ದೂ ಅದೇ ದುರ್ಮುಖಿ. ರಜೆ ಹಾಕಿದೆ, ಅಡುಗೆಯವರಿಗೆ ಹೇಳಿದೆ, ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ.

ಅಕ್ಟೋಬರಿನಲ್ಲಿ ಬದರಿಗೆ ಫೋನ್ ಮಾಡಿ ದಿನ ತಿಳಿಸಿದೆ.

"ಇಲ್ಲಿ ಬುಧವಾರ ಅಂತಿದೆಯಲ್ಲೇ" ಅಂದ.

ನನಗೆ ಅಷ್ಟೇ ಸಾಕಾಯಿತು. "ಬದರಿ, ನಿಮ್ಮ ಮೈಸೂರಿನ ಸೂರ್ಯ ಬೇರೆ, ನಮ್ಮ ಸೂರ್ಯ ಬೇರೆ. ಇಲ್ಲಿನ ಲೆಕ್ಕ ಇಲ್ಲಿನವರು ಹಾಕಿದಾರೆ. ಗೊತ್ತಿಲ್ಲದ್ದಕ್ಕೆಲ್ಲ ಮೂಗು ತೂರಿಸ್ಬೇಡ."

"ಸರೀಮ್ಮ" ಎಂದು ಫೋನ್ ಇಟ್ಟ. ಗೆದ್ದೆ ಅಂದುಕೊಂಡೆ. ಅವತ್ತು ಅನ್ನ ಇನ್ನೊಂದು ತುತ್ತು ಹೆಚ್ಚೇ ಸೇರಿತು.

ನವೆಂಬರ್ ಹದಿಮೂರು, ಭಾನುವಾರ. ಪಟ್ಟಾಭಿಯವರು ಎಂದಿನಂತೆ ಬಂದರು. ನೀರು ಕುಡಿಯಲು ಅಡುಗೆಮನೆಗೆ ಹೋದವರು ಫ್ರಿಜ್ಜಿನ ಎದುರು ಹಾಗೇ ನಿಂತುಬಿಟ್ಟರು. ಒಗ್ಗರಣೆ ಸಿಡಿಯುತ್ತಿತ್ತು.

"ವಿನುತಾ, ತಂದೆಯವರದ್ದು ತದಿಗೆ ಅಲ್ವಾ? ಗುರುವಾರ ಅಂತ ಯಾರು ಹೇಳಿದ್ರು?"

"ನೀವೇ."

"ನಿಮ್ಮ ಫೋನ್ ಕೊಡಿ."

ಕೊಟ್ಟೆ. ತೆರೆದು ನೋಡಿದರು. ಮೇಲೆ ಚೆಂದದ ಅಕ್ಷರದಲ್ಲಿ ದುರ್ಮುಖಿ ಎಂದಿತ್ತು. ಅದರ ಮುಂದೆ ಏನೂ ಇರಲಿಲ್ಲ. ಅವರ ಮುಖ ಕಪ್ಪಿಟ್ಟಿತು. "ಇದು ಯುಗಾದೀದು. ಭಾದ್ರಪದದ್ದು ನೀವು ಹಾಕ್ಕೊಂಡೇ ಇಲ್ಲ."

"ಏನಿದೆ ಅದರಲ್ಲಿ?"

ಅವರು ಹೇಳಿದ್ದಿಷ್ಟು. ಹಬ್ಬಕ್ಕಾದರೆ ಬೆಳಿಗ್ಗೆ ಸೂರ್ಯ ಹುಟ್ಟುವಾಗ ಯಾವ ತಿಥಿಯಿದೆ ನೋಡಬೇಕು. ಶ್ರಾದ್ಧಕ್ಕೆ ಹಾಗಲ್ಲ, ಮಧ್ಯಾಹ್ನ ತಿರುಗಿದ ಮೇಲೆ ಯಾವ ತಿಥಿಯಿದೆಯೋ ಅದು. ಯುಗಾದಿಯ ಆವೃತ್ತಿಯಲ್ಲಿ ಅವರು ಎರಡಕ್ಕೂ ಬೆಳಗಿನ ಲೆಕ್ಕವನ್ನೇ ಹಾಕಿಬಿಟ್ಟಿದ್ದರು. ಪಿತೃಪಕ್ಷ ಹತ್ತಿರ ಬಂದಾಗ ತಪ್ಪು ತಿಳಿದು, ತಿದ್ದಿ, ಹೊಸದನ್ನು ಬಿಟ್ಟಿದ್ದರು. ತದಿಗೆ ಶುರುವಾಗುವುದು ಬುಧವಾರ ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ, ಮುಗಿಯುವುದು ಗುರುವಾರ ಬೆಳಿಗ್ಗೆ. ಗುರುವಾರ ಸೂರ್ಯ ಹುಟ್ಟುವಾಗ ತದಿಗೆ ಇದೆ, ಮಧ್ಯಾಹ್ನಕ್ಕೆ ಇಲ್ಲ. ಅಪ್ಪನ ದಿನ ಬುಧವಾರ. ಬದರಿ ಹೇಳಿದ ಬುಧವಾರ.

ನನಗೆ ಸಿಟ್ಟು ಬಂತು ನೋಡಿ, ಒಲೆ ಆರಿಸುವುದನ್ನೂ ಮರೆತೆ. "ನನ್ನ ಅಪ್ಪನ ದಿನ ಕಣ್ರೀ ಅದು! ಇಷ್ಟು ದೊಡ್ಡದನ್ನ ಬದಲಾಯಿಸಿ ಬಾಯಿ ಬಿಡದೆ ಕೂತಿದ್ರಾ? ಲಿಫ್ಟ್ ಹಳೇದೋ ಹೊಸದೋ ಅಂತ ವರ್ಷಗಟ್ಟಲೆ ನನ್ನ ತಲೆ ತಿಂದ್ರಿ. ಇದನ್ನ ಹೇಳೋದಕ್ಕೆ ಬಾಯಿ ಬರ್ಲಿಲ್ವಾ?"

"ಗುಂಪಿನಲ್ಲಿ ಹಾಕಿದ್ದೆ" ಅಂದರು, ನೆಲ ನೋಡುತ್ತ.

ಅನಘಾ ನನ್ನ ಫೋನು ತೆಗೆದುಕೊಂಡು ಸೆಪ್ಟೆಂಬರಿನವರೆಗೆ ಹುಡುಕಿದಳು. ಸಿಕ್ಕಿತು. ಗುಲಾಬಿ ಹೂವಿನ ಶುಭೋದಯಕ್ಕೂ ಯಾರದೋ ಮನೆ ಗಣಪತಿಗೂ ನಡುವೆ ಒಂದು ಸಾಲು: ದುರ್ಮುಖಿ, ಭಾದ್ರಪದ ಸಿದ್ಧ, ಲಿಂಕ್ ಒತ್ತಿ. ಅದರ ಕೆಳಗೇ ನಾನು ಕಳಿಸಿದ ಕೈ ಮುಗಿಯುವ ಚಿತ್ರ.

"ಅಮ್ಮಾ, ಯು ಸಾ ಇಟ್ ಲಾ" ಅಂದಳು ಮೆಲ್ಲಗೆ.

ನೋಡಿದ್ದೆ. ಒತ್ತಿರಲಿಲ್ಲ. ಯಾಕೆ ಒತ್ತಲಿ? ಈ ವರ್ಷದ ಪಂಚಾಂಗ ನನ್ನ ಹತ್ತಿರ ಆಗಲೇ ಇತ್ತಲ್ಲ! ಯುಗಾದಿಗೆ ತಂದದ್ದನ್ನು ಮೊಳೆಗೆ ಹಾಕಿದರೆ ಮುಂದಿನ ಯುಗಾದಿಗೇ ಇಳಿಸುವುದು. ನಡುವೆ ಪಂಚಾಂಗ ಬದಲಾಯಿಸಿದವರನ್ನು ನಮ್ಮ ಮನೆತನದಲ್ಲಿ ನಾನು ಕಂಡಿಲ್ಲ. ಭಾದ್ರಪದ ಅಂದರೆ ಹಬ್ಬದ ಚಿತ್ರಗಿತ್ರ ಸೇರಿಸಿರಬೇಕು ಅಂದುಕೊಂಡಿದ್ದೆ.

"ಎಷ್ಟು ಜನ ಹಾಕ್ಕೊಂಡಿದಾರೆ?" ವಾಸು ಕೇಳಿದ.

"ಯುಗಾದೀದು ಮುನ್ನೂರ ಹನ್ನೆರಡು ಜನ ಇಳಿಸ್ಕೊಂಡ್ರು. ಭಾದ್ರಪದದ್ದು ನಲವತ್ತೊಂದು." ಅವರೇ ಮುಂದುವರಿಸಿದರು. "ಈ ಲೆಕ್ಕ ನನಗೆ ಗೊತ್ತಿತ್ತು. ನಿಧಾನಕ್ಕೆ ಹಾಕ್ಕೋತಾರೆ ಬಿಡು ಅಂದ್ಕೊಂಡೆ. ಆಫೀಸಲ್ಲಾಗಿದ್ರೆ ಮೊದಲನೇ ಅಂಕಿ ಏರಿಸ್ತಿದ್ದೆ. ಏರಿಸಿದ್ರೆ ಗಿರಾಕಿ ಬೆಚ್ಚಿಬಿದ್ದು ಫೋನ್ ಮಾಡ್ತಾನೆ. ಇಲ್ಲಿ ಏರಿಸೋದಕ್ಕೆ ಅಂಕೀನೇ ಇರ್ಲಿಲ್ಲ. ತಪ್ಪು ನಂದು ವಿನುತಾ."

ಆ ಅಂಕಿಯನ್ನು ಕಿತ್ತುಹಾಕಿದವಳು ನಾನು. ಅವರು ಅದನ್ನು ಹೇಳಲಿಲ್ಲ. ಹೇಳಿದ್ದರೆ ಇನ್ನಷ್ಟು ಕೂಗಾಡಿ ಹಗುರಾಗುತ್ತಿದ್ದೆ. ಹೇಳದೇ ಇದ್ದುದರಿಂದ ಕುರ್ಚಿಯಲ್ಲಿ ಕುಸಿದು ಕೂತೆ. ಉಪ್ಪಿಟ್ಟಿನ ಒಗ್ಗರಣೆ ಸೀದುಹೋಗಿತ್ತು.

ಭಟ್ಟರಿಗೆ ಫೋನ್ ಮಾಡಿದೆ. "ಅಯ್ಯೋ ಶಿವನೇ, ಮಧ್ಯಾಹ್ನದ ತಿಥಿ ಅಂತ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ ನಾನು. ಫೋನ್ ಹೇಳ್ತು ಅಂತ ನೋಡೋದನ್ನೇ ಬಿಟ್ಟೆನಲ್ಲ!" ಬುಧವಾರ ಬೆಳಿಗ್ಗೆ ಅವರಿಗೆ ಜುರಾಂಗಿನಲ್ಲಿ ಗೃಹಪ್ರವೇಶ, ಸಂಜೆ ದೇವಸ್ಥಾನ. ನಡುವೆ ಎರಡೂವರೆಗೆ ಬಂದೇ ಬರುತ್ತೇನೆ, ಊಟ ಆಮೇಲೆ ನೋಡೋಣ ಅಂದರು. ಆಫೀಸಿನ ರಜೆಯೂ ಅಡುಗೆಯವರೂ ಒಂದು ದಿನ ಹಿಂದಕ್ಕೆ ಸರಿದರು.

ಉಳಿದದ್ದು ಬದರಿ. ಫೋನು ಕೈಲಿ ಹಿಡಿದು ಮನೆಯೊಳಗೆ ಹತ್ತು ಸುತ್ತು ಸುತ್ತಿದೆ. ಕೊನೆಗೆ ಒತ್ತಿದೆ.

"ಬದರಿ, ನೀನು ಹೇಳಿದ್ದೇ ಸರಿ. ಬುಧವಾರ."

ಬರಲಿ, ಎಷ್ಟು ಬೇಕೋ ಅಷ್ಟು ಅನ್ನಲಿ ಎಂದು ಹಲ್ಲು ಕಚ್ಚಿ ನಿಂತೆ.

"ಅಯ್ಯೋ ವಿನು, ನಾನಿಲ್ಲಿ ಗುರುವಾರಕ್ಕೆ ಹೇಳಿಬಿಟ್ಟಿದೀನಲ್ಲೇ!"

"ಏನು ಹೇಳಿದೀಯಾ?"

"ಊಟಕ್ಕೆ ಕಣೇ. ನೀನು ಅಲ್ಲಿ ಮಾಡೋ ಹೊತ್ತಿಗೆ ಇಲ್ಲೂ ಚಿಕ್ಕಪ್ಪನ ಹೆಸರಲ್ಲಿ ನಾಲ್ಕು ಜನಕ್ಕೆ ಎಲೆ ಹಾಕೋಣ ಅಂತ. ನಮ್ಮ ಪುರೋಹಿತರು ಬುಧವಾರ, ಬುಧವಾರ ಅಂತ ಬಡ್ಕೊಂಡ್ರು. ಅಮ್ಮನೂ ಕೂಗಾಡಿದ್ಲು. ನಾನೇ ಜಗಳ ಆಡಿದೆ. ನಮ್ಮ ವಿನು ಲೆಕ್ಕ ಹಾಕದೇ ಹೇಳೋಳಲ್ಲ, ಅವಳು ಮಾಡೋ ದಿನವೇ ನಮ್ಮ ದಿನ ಅಂದೆ."

ನನಗೆ ಅಳು ತಡೆಯಲಾಗಲಿಲ್ಲ. ಯಾರು ನನ್ನ ತಪ್ಪಿಗೆ ಕಾದಿದ್ದಾನೆ ಅಂದುಕೊಂಡಿದ್ದೆನೋ ಅವನು ನನ್ನ ಮಾತು ನಂಬಿ ಇಡೀ ಬಳಗದ ಜೊತೆ ಜಗಳವಾಡಿ ಕೂತಿದ್ದ. ಮೂಗು ತೂರಿಸಬೇಡ ಅಂದಿದ್ದೆ ಅವನಿಗೆ. ನನ್ನ ನಾಲಿಗೆಗೆ ಬೆಂಕಿ ಹಾಕಬೇಕು ಅನ್ನಿಸಿತು.

"ಅಳ್ಬೇಡ್ವೇ. ಇನ್ನೂ ಮೂರು ದಿನ ಇದೆ, ಬದಲಾಯಿಸ್ತೀನಿ. ಹೊತ್ತೆಷ್ಟು ಹೇಳು."

"ಇಲ್ಲಿ ಎರಡೂವರೆ. ನಿಮಗೆ ಹನ್ನೆರಡು."

ಪಟ್ಟಾಭಿಯವರು ಅವತ್ತು ಉಪ್ಪಿಟ್ಟು ತಿನ್ನಲಿಲ್ಲ. ನಮ್ಮ ಊಟದ ಮೇಜಿನ ಮೇಲೆ ಹೆಸರುಗಳ ಪಟ್ಟಿ ಹರಡಿಕೊಂಡು ಉಳಿದವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಲು ಕೂತರು. ಅರ್ಧ ಪಟ್ಟಿ ನಾನು ಎಳೆದುಕೊಂಡೆ. ಇಬ್ಬರು ಆಗಲೇ ತಪ್ಪು ದಿನ ಶ್ರಾದ್ಧ ಮಾಡಿ ಮುಗಿಸಿದ್ದರು. ಒಬ್ಬರು, ಹೋಗಲಿ ಬಿಡಿ, ನಮ್ಮಪ್ಪ ಯಾವತ್ತೂ ಟೈಮಿಗೆ ಸರಿಯಾಗಿ ಊಟಕ್ಕೆ ಬಂದವರಲ್ಲ ಎಂದು ನಕ್ಕರು. ಇನ್ನೊಬ್ಬರು ನಗಲಿಲ್ಲ. ಪಟ್ಟಾಭಿ ಅವರಿಗೆ ಹತ್ತು ನಿಮಿಷ ಕ್ಷಮೆ ಕೇಳಿದರು.

ಮಂಗಳವಾರ ಸಂಜೆ ಹೊಸದನ್ನು ಕಳಿಸಿದರು, ಮೊದಲು ನನಗೊಬ್ಬಳಿಗೆ. ಮೇಲೆ ದುರ್ಮುಖಿ ಹಾಗೇ ಇತ್ತು. ಅದರ ಕೆಳಗೆ ದಪ್ಪಕ್ಷರದಲ್ಲಿ 2.0.0. ಅದರ ಕೆಳಗೆ ಕೆಂಪಿನಲ್ಲಿ: ಶ್ರಾದ್ಧದ ದಿನಗಳು ಬದಲಾಗಿವೆ, ಹಳೆಯದನ್ನು ನಂಬಬೇಡಿ. ನಾಳೆಯಿಂದ ಹಳೆಯದನ್ನು ತೆರೆದರೆ ಏನಾಗುತ್ತದೆ ಎಂದು ಕೇಳಿದೆ. ಹಳೆಯದಕ್ಕೆ ಹೊಸದು ಬಂದಿದೆ ಎಂದು ತಿಳಿಯುವ ದಾರಿಯನ್ನೇ ತಾನು ಇಟ್ಟಿರಲಿಲ್ಲ, ಇನ್ನು ಮುಂದೆ ಇರುತ್ತದೆ, ಮೊದಲನೇ ಅಂಕಿ ಏರಿದರೆ ಹಳೆಯದು ದಿನ ತೋರಿಸುವುದನ್ನೇ ನಿಲ್ಲಿಸುತ್ತದೆ ಅಂದರು.

"ಹೆಸರು ತೆಗೆದುಬಿಡ್ಲಾ?"

"ಇರ್ಲಿ. ವರ್ಷ ಯಾವುದು ಅಂತ ಹೆಸರು ಹೇಳ್ಲಿ, ಏನಾಗಿದೆ ಅಂತ ನಿಮ್ಮ ಅಂಕಿ ಹೇಳ್ಲಿ" ಅಂದೆ.

ಬುಧವಾರ ಪಟ್ಟಾಭಿಯವರು ರಜೆ ಹಾಕಿ ಲಿಟಲ್ ಇಂಡಿಯಾದಿಂದ ಬಾಳೆಲೆ, ಎಳ್ಳು, ದರ್ಭೆ ಹೊತ್ತು ಬಂದರು. ಭಟ್ಟರು ಎರಡು ಇಪ್ಪತ್ತಕ್ಕೆ ಬೆವರಿಳಿಸುತ್ತ ಬಂದರು. ನಾನು ಅಪ್ಪನ ಫೋಟೋದ ಎದುರು ಮಣೆಯ ಮೇಲೆ ಕೂತೆ. ಭಟ್ಟರು ಸಂಕಲ್ಪ ಹೇಳಿಸತೊಡಗಿದರು, ಒಂದೊಂದೇ ಮಾತು, ನಾನು ಹಿಂದೆಯೇ ಹೇಳಬೇಕು.

"ದುರ್ಮುಖಿ ನಾಮ ಸಂವತ್ಸರೇ."

ಹೇಳಿದೆ.

"ದಕ್ಷಿಣಾಯನೇ. ಶರದೃತೌ. ಕಾರ್ತಿಕ ಮಾಸೇ. ಕೃಷ್ಣಪಕ್ಷೇ. ತೃತೀಯಾಯಾಂ ತಿಥೌ."

ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತ ಬರುತ್ತಿತ್ತು. ಮೂಲೆಯಲ್ಲಿ ಪರಪರ ಸದ್ದು. ಓರೆಗಣ್ಣಲ್ಲಿ ನೋಡಿದರೆ ಪಟ್ಟಾಭಿಯವರು ಎಳ್ಳು ಕಟ್ಟಿ ತಂದಿದ್ದ ಕಾಗದದ ಮೇಲೆ ಒಂದೊಂದನ್ನೂ ಬರೆದುಕೊಳ್ಳುತ್ತಿದ್ದಾರೆ, ನಡುನಡುವೆ ಚುಕ್ಕಿ ಬೇರೆ! ಇಂಥ ಹೊತ್ತಿನಲ್ಲೂ ಈ ಮನುಷ್ಯನ ಹುಳ ಸುಮ್ಮನಿರುವುದಿಲ್ಲವಲ್ಲ ಎಂದು ಸಿಟ್ಟು ಬಂತು, ಹಿಂದೆಯೇ ನಗುವೂ ಬಂತು. ಅಪ್ಪ ಇದ್ದಿದ್ದರೆ ಅವರ ಪಕ್ಕದಲ್ಲೇ ಹೋಗಿ ಕೂರುತ್ತಿದ್ದರು.

"ಸೌಮ್ಯವಾಸರೇ" ಅಂದರು ಭಟ್ಟರು. ಬುಧವಾರದಂದು.

ನನಗೆ ಬಾಯಿ ಬರಲಿಲ್ಲ. ಇಲ್ಲಿ ಗುರುವಾಸರೇ ಎಂದು ಹೇಳಿ, ಸರಿಯಾಗಿ ಮಾಡಿದೆ ಅಂದುಕೊಂಡು ಏಳುತ್ತಿದ್ದೆನಲ್ಲ. ಅಲ್ಲಿ ಬದರಿಯೂ ನನ್ನನ್ನು ನಂಬಿ ಅದೇ ದಿನ ಎಲೆ ಹಾಕುತ್ತಿದ್ದನಲ್ಲ. ಮೈಸೂರಿನಲ್ಲಿ ಈಗ ಹನ್ನೆರಡು. ಬಡಿಸಲು ಶುರುಮಾಡಿರುತ್ತಾನೆ.

"ಯಾಕಮ್ಮಾ?" ಭಟ್ಟರು ಕೇಳಿದರು.

"ಏನಿಲ್ಲ ಭಟ್ರೇ" ಎಂದು ಕಣ್ಣೊರೆಸಿಕೊಂಡು, ಮೂಲೆಯವರೆಗೂ ಕೇಳುವಷ್ಟು ಗಟ್ಟಿಯಾಗಿ "ಸೌಮ್ಯವಾಸರೇ" ಅಂದೆ. ಪೆನ್ಸಿಲ್ಲಿನ ಸದ್ದು ನಿಂತಿತು. ಭಟ್ಟರು ಮುಂದೆ ಹೇಳಿಸಿದ್ದು ಅಪ್ಪನ ಗೋತ್ರ, ಅಪ್ಪನ ಹೆಸರು. ಅವೆರಡನ್ನೂ ನಾನೇ ಹೇಳಿದೆ.